ರಂಗವಾಚನಕ್ಕೆ ಒದಗುವ ಬಾಳು

ಕಲಾವಿದೆಯೊಬ್ಬಳ ಬಾಳನ್ನು ರಂಗದ ಮೇಲೆ ಓದಿ ತೋರಿಸುವ ರಂಗವಾಚನಕ್ಕೆ ಮೊದಲು ಬೇಕಾದುದು ಆಕೆಯದೇ ಮಾತು. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ (೧೯೧೩–೧೯೪೧) ಅವರ ವಿಷಯದಲ್ಲಿ ಈ ಸಾಮಗ್ರಿಗೆ ಕೊರತೆಯಿಲ್ಲ. ೧೯೩೨ರಲ್ಲಿ ಪ್ಯಾರಿಸಿನಲ್ಲಿ ರಚಿಸಿದ 'ತರುಣಿಯರು', ೧೯೩೭ರ ದಕ್ಷಿಣ ಭಾರತದ ಚಿತ್ರತ್ರಯ, ಇವುಗಳೊಡನೆ ತಂದೆತಾಯಿಗಳಿಗೂ ವಿಮರ್ಶಕ ಕಾರ್ಲ್ ಖಂಡಾಲಾವಾಲಾ ಅವರಿಗೂ ಬರೆದ ಪತ್ರಗಳು ಉಳಿದಿವೆ. ೨೦೧೦ರಲ್ಲಿ ವಿವಾನ್ ಸುಂದರಂ ಅವನ್ನು ಸಂಪಾದಿಸಿ ಪ್ರಕಟಿಸಿದರು.

ಅದೇ ಕಾಲದಲ್ಲಿ, ಅಂದಿನ ಬಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು, ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು, ೧೯೩೧ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದರು. ತವರು, ತಾಯಿ, ಅಣ್ಣತಮ್ಮಂದಿರು, ಕೂಸು, ಅತ್ತೆಮನೆ ಎಲ್ಲವೂ ಅಲ್ಲಿವೆ. ಆದರೆ ಹಾಡು ಬಾಯಿಂದ ಬಾಯಿಗೆ ಸಾಗಿ ಬಂದುದರಿಂದ, ಕಟ್ಟಿದವಳ ಹೆಸರು ಅದರೊಡನೆ ಉಳಿಯಲಿಲ್ಲ.

ಇತಿಹಾಸಕಾರನು ಇಲ್ಲಿ ಎಚ್ಚರದಿಂದಿರಬೇಕು. ದಾಖಲೆಯುಳ್ಳವರ ಬಾಳನ್ನೇ ಓದುತ್ತ ಹೋದರೆ, ಅಕ್ಷರವೂ ಬಿಡುವೂ ದೊರೆತವರ ಚರಿತ್ರೆಯೇ ಸ್ತ್ರೀಯರೆಲ್ಲರ ಚರಿತ್ರೆಯೆನಿಸೀತು. ಹಾಗೆಂದು ಗರತಿಯ ಹಾಡಿನಿಂದ ಒಬ್ಬಳ ಜೀವನಚರಿತ್ರೆಯನ್ನು ಕಲ್ಪಿಸುವುದೂ ಸಲ್ಲದು. ಅದು ಸಮುದಾಯದ ಸಾಕ್ಷ್ಯ. ಆದುದರಿಂದ ಅದನ್ನು ರಂಗಕ್ಕೆ ತರುವಾಗ ಹಲವು ಕಂಠಗಳಲ್ಲಿ ವಾಚಿಸುವುದೇ ನ್ಯಾಯ.