ತ್ಸುಶಿಮಾ: ಆಟದಲ್ಲಿ ಮತ್ತು ಇತಿಹಾಸದಲ್ಲಿ

ಕ್ರಿ. ಶ. 1274ರ ನವೆಂಬರ್ ಮೊದಲ ವಾರ. ಜಪಾನಿಗೂ ಕೊರಿಯಾಕ್ಕೂ ನಡುವೆ ಇರುವ ತ್ಸುಶಿಮಾ ದ್ವೀಪದ ಕೊಮೊಡಾ ಎಂಬ ಕಡಲತಡಿಗೆ ಮಂಗೋಲ ಚಕ್ರವರ್ತಿ ಕುಬ್ಲಾಯ್ ಖಾನನ ಹಡಗುಗಳು ಬಂದು ಲಂಗರು ಹಾಕಿದವು. ದ್ವೀಪದ ಆಡಳಿತ ನೋಡಿಕೊಳ್ಳುತ್ತಿದ್ದ ಸೊ ಸುಕೆಕುನಿ ಎಂಬ ವೃದ್ಧ ಯೋಧ ಎಂಬತ್ತು ಮಂದಿ ರಾವುತರೊಡನೆ ಅಲ್ಲಿಗೆ ಧಾವಿಸಿದ. ಹಡಗುಗಳಿಂದ ಇಳಿದವರು ಸಾವಿರದಷ್ಟು ಜನವೆಂದು ಹಳೆಯ ಬರಹವೊಂದು ಹೇಳುತ್ತದೆ. ಸುಕೆಕುನಿಯೂ ಅವನ ಸಂಗಡಿಗರೂ ಅಲ್ಲೇ ಮಡಿದರು. ಒಂದಿಬ್ಬರು ದೋಣಿಯೇರಿ ಹೋಗಿ ಸುದ್ದಿಯನ್ನು ಹಕಟಾಕ್ಕೆ ಮುಟ್ಟಿಸಿದರು. ಇಂದಿಗೂ ಆ ದ್ವೀಪದಲ್ಲಿ ಸುಕೆಕುನಿಯ ತಲೆಯ ಸಮಾಧಿ ಒಂದೆಡೆ, ಮುಂಡದ ಸಮಾಧಿ ಇನ್ನೊಂದೆಡೆ ಇವೆ. ಕೊಮೊಡಾದ ದೇಗುಲದಲ್ಲಿ ಅವನಿಗೆ ಪೂಜೆ ಸಲ್ಲುತ್ತದೆ.

ಸುಮಾರು ಏಳೂವರೆ ಶತಮಾನ ಈ ಎಂಬತ್ತು ಜನರ ಕಥೆ ಜಪಾನಿನ ಹೊರಗೆ ಇತಿಹಾಸದ ವಿದ್ಯಾರ್ಥಿಗಳಿಗಷ್ಟೇ ಗೊತ್ತಿದ್ದಂಥದು. 2020ರ ಜುಲೈ ತಿಂಗಳಲ್ಲಿ ಅಮೆರಿಕದ ಸಕರ್ ಪಂಚ್ ಸಂಸ್ಥೆ 'ಘೋಸ್ಟ್ ಆಫ್ ತ್ಸುಶಿಮಾ' ಎಂಬ ವಿಡಿಯೋ ಗೇಮನ್ನು ಹೊರತಂದ ಮೇಲೆ ಆ ಸ್ಥಿತಿ ಬದಲಾಯಿತು. ಲಕ್ಷಾಂತರ ಮಂದಿ ಕೊಮೊಡಾದ ಕಾಳಗವನ್ನು ತಮ್ಮ ಮನೆಯ ತೆರೆಯ ಮೇಲೆ ತಾವೇ ಕಾದಿದರು. ಆಟದಲ್ಲಿ ಸುಕೆಕುನಿ ಇಲ್ಲ. ಅವನ ಸ್ಥಾನದಲ್ಲಿ ಶಿಮುರಾ ಎಂಬ ಕಲ್ಪಿತ ಪ್ರಭುವಿದ್ದಾನೆ. ಅವನ ಸೋದರಳಿಯ ಜಿನ್ ಸಕಾಯ್ ಕಥಾನಾಯಕ. ಎದುರಾಳಿಯಾದ ಖೋಟುನ್ ಖಾನನೂ ಕಲ್ಪಿತನೇ. ಎಂಬತ್ತು ಜನ ಸಮುರಾಯ್‌ಗಳು ಮಾತ್ರ ಇತಿಹಾಸದಿಂದ ಬಂದವರು.

ಆಡುವುದಕ್ಕಿಂತ ಹೆಚ್ಚಾಗಿ, ಆಡಿದವರ ಮಾತನ್ನು ಕೇಳುವುದರಲ್ಲಿ ನನಗೆ ಆಸಕ್ತಿ. ಇತಿಹಾಸದ ಪುಸ್ತಕವನ್ನು ಓದಿದವನು ಅದನ್ನು ಮಡಚಿಟ್ಟು ಸುಮ್ಮನಾಗುತ್ತಾನೆ. ನಲವತ್ತು ಐವತ್ತು ಗಂಟೆ ಒಂದು ಪಾತ್ರದ ಕೈಕಾಲಾಗಿ ನಡೆದವನು ಸುಮ್ಮನಿರಲಾರ, ವಾದಿಸುತ್ತಾನೆ. ಆ ವಾದಗಳಲ್ಲಿ ನಮ್ಮ ಕಾಲದ ಸಾಮಾನ್ಯ ಜನ ಗತಕಾಲದಿಂದ ಏನನ್ನು ಬಯಸುತ್ತಾರೆ ಎಂಬುದು ಕಾಣುತ್ತದೆ. ಈ ಆಟದ ಬಗ್ಗೆ ಹಾಗೆ ನಡೆದ ಚರ್ಚೆಗಳನ್ನು ಓದುತ್ತ ಹೋದಾಗ ಅವು ಮೂರು ಗುಂಪುಗಳಾಗಿ ನನಗೆ ತೋರಿದವು.

ಮೊದಲನೆಯದು ಸೌಂದರ್ಯೋಪಾಸಕರ ಗುಂಪು. ಸಾಮಾನ್ಯವಾಗಿ ಇಂಥ ಆಟಗಳಲ್ಲಿ ದಾರಿ ತೋರಿಸಲು ತೆರೆಯ ಮೂಲೆಯಲ್ಲಿ ಬಾಣದ ಗುರುತೋ ನಕ್ಷೆಯೋ ಇರುತ್ತದೆ. ಇಲ್ಲಿ ಗಾಳಿ ಬೀಸುತ್ತದೆ; ಹುಲ್ಲು ಯಾವ ಕಡೆ ಬಾಗಿತೋ ಆ ಕಡೆ ಹೋಗಬೇಕು. ಕೆಂಪು ಎಲೆಗಳ ಕಾಡು, ಬಿಳಿ ತೆನೆಗಳ ಬಯಲು, ಮಂಜು ಕವಿದ ಗುಡ್ಡಗಳು. ಚಿತ್ರನಿರ್ದೇಶಕ ಅಕಿರಾ ಕುರೊಸಾವಾರ ಹೆಸರಿನಲ್ಲಿ ಒಂದು ಕಪ್ಪು ಬಿಳುಪಿನ ವಿಧಾನವೂ ಉಂಟು. ಅದನ್ನು ಆರಿಸಿಕೊಂಡರೆ ಇಡೀ ಆಟ ಹಳೆಯ ಚಲನಚಿತ್ರದಂತೆ ಕಾಣುತ್ತದೆ. ಜಪಾನೀಯರೂ ಇದಕ್ಕೆ ಮನಸೋತರು. ಅಲ್ಲಿಯ 'ಫಮಿತ್ಸು' ಪತ್ರಿಕೆ ನಲವತ್ತಕ್ಕೆ ನಲವತ್ತು ಅಂಕ ಕೊಟ್ಟಿತು. ಹೆಸರಾಂತ ಆಟನಿರ್ಮಾಪಕ ತೊಶಿಹಿರೊ ನಗೋಶಿ, ಇಂಥದನ್ನು ಜಪಾನೀಯರೇ ಮಾಡಬೇಕಾಗಿತ್ತು ಎಂಬರ್ಥದ ಮಾತನ್ನಾಡಿದರು. ಪರದೇಶದವರು ನಮ್ಮ ಕಥೆಯನ್ನು ಹೇಳಬಹುದೆ ಎಂಬ ಪ್ರಶ್ನೆ ಎಲ್ಲೆಲ್ಲೂ ಏಳುವ ಈ ಕಾಲದಲ್ಲಿ ಇದು ಗಮನಾರ್ಹವಾದ ಸಂಗತಿ.

ಎರಡನೆಯದು ತಪ್ಪು ಹುಡುಕುವವರ ಗುಂಪು. ಇವರನ್ನು ನಾನು ಹಗುರವಾಗಿ ಕಾಣುವುದಿಲ್ಲ; ಇತಿಹಾಸವೆಂಬ ವಿದ್ಯೆ ಹುಟ್ಟಿದ್ದೇ ತಪ್ಪು ಹುಡುಕುವ ಚಪಲದಿಂದ. ಆಟದ ನಾಯಕ ಕೊಳದ ಬದಿಯಲ್ಲಿ ಕುಳಿತು ಹೈಕು ರಚಿಸುತ್ತಾನೆ. ಹೈಕು ಪ್ರಸಿದ್ಧಿಗೆ ಬಂದದ್ದು ಹದಿನೇಳನೆಯ ಶತಮಾನದಲ್ಲಿ ಬಾಶೊ ಕವಿಯ ಕಾಲಕ್ಕೆ. ಆಗಲೂ ಅದಕ್ಕೆ ಬೇರೆ ಹೆಸರಿತ್ತು. 'ಹೈಕು' ಎಂಬ ಹೆಸರು ನೆಲೆಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮಸಾವೊಕಾ ಶಿಕಿಯಿಂದ. 1274ರ ಯೋಧ ಪದ್ಯ ಕಟ್ಟಿದ್ದರೆ ಮೂವತ್ತೊಂದು ಮಾತ್ರೆಗಳ ವಾಕ ಪದ್ಯವನ್ನು ಕಟ್ಟುತ್ತಿದ್ದ. ನಾಯಕನ ಕೈಯ ಕತ್ತಿಯೂ ಅವನ ಕಾಲದ್ದಲ್ಲ. ಅಂದಿನವರು ಅಲಗು ಕೆಳಮುಖವಾಗಿರುವಂತೆ ಸೊಂಟದಿಂದ ಇಳಿಬಿಡುತ್ತಿದ್ದ ಉದ್ದನೆಯ ತಾಚಿ ಕತ್ತಿಯನ್ನು ಹಿಡಿದವರು. ಅಷ್ಟೇಕೆ, ಕತ್ತಿಯೇ ಅವರ ಮುಖ್ಯ ಆಯುಧವಾಗಿರಲಿಲ್ಲ. ಕುದುರೆಯ ಮೇಲೆ ಕುಳಿತು ಬಾಣ ಬಿಡುವುದು ಅವರ ವಿದ್ಯೆ. ತಮ್ಮ ಧರ್ಮವನ್ನು ಅವರು 'ಬಿಲ್ಲು ಕುದುರೆಗಳ ದಾರಿ' ಎಂದೇ ಕರೆಯುತ್ತಿದ್ದರು.

ನಿರ್ಮಾಪಕರು ಇದನ್ನು ಮುಚ್ಚಿಡಲಿಲ್ಲ. ಇತಿಹಾಸದಿಂದ ಸ್ಫೂರ್ತಿ ಪಡೆದೆವೇ ಹೊರತು ಅದನ್ನು ಕಲ್ಲು ಕಲ್ಲಾಗಿ ಮರಳಿ ಕಟ್ಟಲು ಹೊರಟವರಲ್ಲ ಎಂದು ಅವರು ಮೊದಲೇ ಹೇಳಿದ್ದರು. ಆದಕಾರಣ ಕತ್ತಿಯ ಅಲಗು ಮೇಲಿತ್ತೆ ಕೆಳಗಿತ್ತೆ ಎಂಬ ಜಗಳವನ್ನು ಇಲ್ಲಿಗೇ ಬಿಡಬಹುದು. ಬಿಡಲಾಗದ ಜಗಳ ಮೂರನೆಯ ಗುಂಪಿನದು.

ಅದು ಮಾನದ ಪ್ರಶ್ನೆ. ಶಿಮುರಾ ಪ್ರಭುವಿನ ಪ್ರಕಾರ ಯೋಧನಾದವನು ವೈರಿಯನ್ನು ಎದುರಿಗೆ ನಿಂತು, ಅವನ ಕಣ್ಣಲ್ಲಿ ಕಣ್ಣಿಟ್ಟು ಕೊಲ್ಲಬೇಕು. ಕತ್ತಲಲ್ಲಿ ಬೆನ್ನಿಗೆ ಇರಿಯುವುದು ಹೇಡಿಯ ಕೆಲಸ. ಜಿನ್ ಸಕಾಯ್ ಹಾಗೆಯೇ ಬೆಳೆದವನು. ಆದರೆ ಎಂಬತ್ತು ಮಂದಿ ಎದುರಿಗೆ ನಿಂತು ಸತ್ತದ್ದನ್ನು ಅವನು ಕಂಡಿದ್ದಾನೆ. ಮುಂದೆ ಕೋಟೆಯ ಸೇತುವೆಯ ಮೇಲೆ ಮಾವನ ಆಜ್ಞೆಯಂತೆ ಮುನ್ನುಗ್ಗಿದವರು ಸಿಡಿಮದ್ದಿಗೆ ಸಿಕ್ಕಿ ಸಾಯುವುದನ್ನೂ ಕಾಣುತ್ತಾನೆ. ಅವನು ಮಾವನ ಮಾತು ಮೀರಿ, ಮಂಗೋಲರ ಪಾನೀಯಕ್ಕೆ ವಿಷ ಬೆರೆಸಿ ಕೋಟೆಯನ್ನು ಗೆಲ್ಲುತ್ತಾನೆ. ಕೊನೆಗೆ ಮಾವ ಅಳಿಯ ಇಬ್ಬರೇ ಕತ್ತಿ ಹಿಡಿದು ಎದುರುಬದುರಾಗುವ ಗಳಿಗೆ ಬರುತ್ತದೆ. ಸೋತ ಮಾವ ತನಗೆ ಯೋಧನ ಮರಣವನ್ನು ಕೊಡೆಂದು ಕೇಳುತ್ತಾನೆ. ಕೊಲ್ಲುವುದೋ ಉಳಿಸುವುದೋ, ಆಡುವವನು ನಿರ್ಧರಿಸಬೇಕು.

ಇಲ್ಲಿ ಆಟಗಾರರು ಎರಡಾಗಿ ಒಡೆದರು. ಮಾವನ ಕೊನೆಯ ಕೋರಿಕೆಯನ್ನು ನಡೆಸಿಕೊಟ್ಟವನೇ ನಿಜವಾದ ಅಳಿಯ ಎಂದರು ಕೆಲವರು. ಮಾನವೆಂಬ ಆ ಭೂತವನ್ನೇ ತೊರೆದು ಬಂದವನು ಕೊನೆಗಳಿಗೆಯಲ್ಲಿ ಅದಕ್ಕೆ ಬಲಿ ಕೊಡುವುದೆಂತು ಎಂದರು ಇನ್ನು ಕೆಲವರು. ಮತ್ತೊಂದು ದೂರೂ ಉಂಟು. ಒಂದು ಸಲವೂ ಬೆನ್ನ ಹಿಂದಿನಿಂದ ಇರಿಯದೆ, ಪ್ರತಿಯೊಂದು ಕಾಳಗದಲ್ಲೂ ಎದುರಾಳಿಯನ್ನು ಕೂಗಿ ಕರೆದು ಹೋರಾಡಿದವನನ್ನೂ ಕಥೆ ಕಳ್ಳ ಹೆಜ್ಜೆಯವನೆಂದೇ ಗದರುತ್ತದೆ. ನಮ್ಮ ನಡತೆಗೆ ಅಲ್ಲಿ ಬೆಲೆಯಿಲ್ಲ ಎಂಬುದು ಆ ದೂರು. ನನಗೆ ಇದು ಬಹಳ ಹಿಡಿಸಿತು. ತಾನು ಮಾಡದ ತಪ್ಪಿಗೆ ತನ್ನ ಪಾತ್ರವನ್ನು ದೂರಿದರೆ ಮನುಷ್ಯನಿಗೆ ಸಿಟ್ಟು ಬರುತ್ತದೆ, ಅದು ಕಲ್ಪಿತ ಪಾತ್ರವಾದರೂ!

ಈಗ ಇತಿಹಾಸಕ್ಕೆ ಬರೋಣ. ಹದಿಮೂರನೆಯ ಶತಮಾನದ ಸಮುರಾಯ್‌ಗೆ ಇಂಥ ಮಾನದ ಶಾಸ್ತ್ರವೊಂದಿತ್ತೆ? ಅದೃಷ್ಟವಶಾತ್ ನಮಗೊಬ್ಬ ಸಾಕ್ಷಿ ಸಿಕ್ಕಿದ್ದಾನೆ. ತಕೆಜಾಕಿ ಸುಯೆನಾಗ ಎಂಬ ಸಣ್ಣ ಹಿಡುವಳಿಯ ಯೋಧ 1274ರಲ್ಲಿ ಹಕಟಾದ ಬಳಿ ಬೆರಳೆಣಿಕೆಯ ರಾವುತರೊಂದಿಗೆ ಮಂಗೋಲರ ಮೇಲೆ ನುಗ್ಗಿದ, ಕುದುರೆ ಗಾಯಗೊಂಡಿತು, ಬೇರೊಂದು ದಂಡಿನವರು ಬಂದು ಅವನ ಪ್ರಾಣ ಉಳಿಸಿದರು. ತಾನು ಮುಂಚೂಣಿಯಲ್ಲಿದ್ದೆನೆಂದು ತೋರಿಸಿ ಬಹುಮಾನ ಪಡೆಯಲು ಅವನು 1275ರಲ್ಲಿ ಕುದುರೆ ಜೀನುಗಳನ್ನು ಮಾರಿ ದೂರದ ಕಮಕುರಕ್ಕೆ ಹೋದ. ಅಲ್ಲಿ ಅದಾಚಿ ಯಸುಮೊರಿ ಎಂಬ ಅಧಿಕಾರಿಯನ್ನು ಬಿಡದೆ ಕಾಡಿ ಭೂಮಿಯ ಅಧಿಕಾರವನ್ನೂ ಒಂದು ಕುದುರೆಯನ್ನೂ ಸಂಪಾದಿಸಿಕೊಂಡು ಬಂದ. ಈ ವೃತ್ತಾಂತವನ್ನೆಲ್ಲ ಅವನೇ ಚಿತ್ರಸುರುಳಿಗಳಾಗಿ ಬರೆಯಿಸಿದ. ಕುದುರೆ ರಕ್ತ ಕಾರುತ್ತಿರುವುದು, ಮಂಗೋಲರ ಮಣ್ಣಿನ ಸಿಡಿಗುಂಡು ಗಾಳಿಯಲ್ಲಿ ಒಡೆಯುತ್ತಿರುವುದು ಆ ಚಿತ್ರಗಳಲ್ಲಿದೆ. ಅಂಥ ಗುಂಡುಗಳು ನಿಜವಾಗಿಯೇ ತಕಶಿಮಾದ ಬಳಿ ಸಮುದ್ರದ ತಳದಲ್ಲಿ ಈಚೆಗೆ ಸಿಕ್ಕಿವೆ.

ಸುಯೆನಾಗನಿಗೆ ಮಾನವೆಂದರೆ ನಾಲ್ಕು ಜನರ ಸಾಕ್ಷಿಯಿರುವ ಶೌರ್ಯ, ಅದಕ್ಕೆ ತಕ್ಕ ಜಮೀನು. ಇರುಳಲ್ಲಿ ಹೊಡೆಯಬಾರದೆಂಬ ನಿಯಮ ಅವನಿಗೆ ಗೊತ್ತಿರಲಿಲ್ಲ. 1281ರಲ್ಲಿ ಕುಬ್ಲಾಯ್ ಮತ್ತೆ ದಂಡೆತ್ತಿ ಬಂದಾಗ ಜಪಾನೀ ಯೋಧರು ಪುಟ್ಟ ದೋಣಿಗಳಲ್ಲಿ ಹೋಗಿ ಹಡಗುಗಳನ್ನೇರಿ ಹಠಾತ್ತನೆ ಎರಗುತ್ತಿದ್ದರು. ಆಟದಲ್ಲಿ ಜಿನ್ ಯಾವುದಕ್ಕಾಗಿ ಕುಲಭ್ರಷ್ಟನಾದನೋ ಅದನ್ನು ಇತಿಹಾಸದ ಯೋಧರು ಮಾಡಿ ಬಹುಮಾನ ಕೇಳಿದರು.

ಹಾಗಾದರೆ ಶಿಮುರಾ ಎಲ್ಲಿಂದ ಬಂದ? ಒಂದಂಶ 'ಹಚಿಮನ್ ಗುದೊಕುನ್' ಎಂಬ ಬರಹದಿಂದ. ಎಂಬತ್ತು ರಾವುತರ ಸಂಗತಿ ನಮಗೆ ತಿಳಿದದ್ದೂ ಅದರಿಂದಲೇ. ಒಬ್ಬೊಬ್ಬರಾಗಿ ಹೆಸರು ಹೇಳಿಕೊಂಡು ಮುಂದೆ ಬಂದ ಯೋಧರನ್ನು ಮಂಗೋಲರು ನಕ್ಕು ಸುತ್ತುಗಟ್ಟಿ ಕೊಂದರೆಂಬ ಚಿತ್ರ ಅಲ್ಲಿದೆ. ಆದರೆ ಅದು ಹಚಿಮನ್ ದೇವರ ಮಹಿಮೆಯನ್ನು ಸಾರಲು, ಘಟನೆ ನಡೆದು ಹಲವು ದಶಕಗಳಾದ ಮೇಲೆ ಹುಟ್ಟಿದ ಕೃತಿ. ಯೋಧರು ಎಷ್ಟು ಅಸಹಾಯಕರೋ ದೇವರು ಅಷ್ಟು ದೊಡ್ಡವನು! ಥಾಮಸ್ ಕಾನ್ಲನ್ ಎಂಬ ಇತಿಹಾಸಕಾರ ಸುಯೆನಾಗನ ಸುರುಳಿಗಳನ್ನೂ ಅಂದಿನ ಕಾಗದಪತ್ರಗಳನ್ನೂ ಪರಿಶೀಲಿಸಿ, ಜಪಾನೀ ಯೋಧರಿಗೆ ದೇವರ ನೆರವು ಅಷ್ಟಾಗಿ ಬೇಕಿರಲಿಲ್ಲವೆಂದು 2001ರಲ್ಲಿ ವಾದಿಸಿದರು.

ಇನ್ನೊಂದಂಶ ತೀರ ಈಚಿನದು. 'ಬುಶಿದೊ' ಎಂಬುದನ್ನು ಜಗತ್ತಿಗೆ ಪರಿಚಯಿಸಿದವರು ನಿತೊಬೆ ಇನಾಜೊ. ಅವರ ಪುಸ್ತಕ 1900ರ ಸುಮಾರಿನಲ್ಲಿ, ಅದೂ ಇಂಗ್ಲಿಷಿನಲ್ಲಿ ಬಂತು. ಸಮುರಾಯ್ ವರ್ಗವೇ ರದ್ದಾದ ಮೇಲೆ ಬಂದ ಆ ಆದರ್ಶವನ್ನು ಮುಂದೆ ಸೈನ್ಯ ಕೈಗೆತ್ತಿಕೊಂಡಿತು. 1281ರ ಬಿರುಗಾಳಿ ಕುಬ್ಲಾಯನ ಹಡಗುಗಳನ್ನು ಮುಳುಗಿಸಿದ್ದು ನಿಜ. ಅದಕ್ಕೆ ಭಕ್ತರು ಇಟ್ಟ 'ಕಾಮಿಕಾಜೆ', ಅಂದರೆ ದೈವದ ಗಾಳಿ, ಎಂಬ ಹೆಸರನ್ನು 1944ರಲ್ಲಿ ವಿಮಾನಸಹಿತ ಶತ್ರುವಿನ ಹಡಗಿಗೆ ಅಪ್ಪಳಿಸಿ ಸಾಯಲು ಹೊರಟ ತರುಣರ ಪಡೆಗೆ ಇಟ್ಟರು. ಅವರಲ್ಲಿ ಎಷ್ಟೋ ಮಂದಿ ಕಾಲೇಜು ಬಿಟ್ಟು ಬಂದ ಹುಡುಗರು. ಏಳುನೂರು ವರ್ಷದ ಹಿಂದಿನವರಿಗೆ ಇಲ್ಲದಿದ್ದ ಮಾನವನ್ನು ಅವರ ಹೆಸರಿನಲ್ಲಿ ಸೃಷ್ಟಿಸಿ, ಅದಕ್ಕೆ ಇಪ್ಪತ್ತು ವರ್ಷದ ಜೀವಗಳನ್ನು ತೆತ್ತದ್ದಾಯಿತು. ಆದ್ದರಿಂದ ಮಾವನನ್ನು ಕೊಲ್ಲಬೇಕೆ ಉಳಿಸಬೇಕೆ ಎಂದು ಆಟಗಾರರು ಜಗಳವಾಡಿದಾಗ, ತಿಳಿದೋ ತಿಳಿಯದೆಯೋ ಅವರು ಬಹು ದುಬಾರಿಯಾದ ಪ್ರಶ್ನೆಯೊಂದನ್ನು ಮುಟ್ಟುತ್ತಿದ್ದರು. ಹೈಕುವಿನ ಕಾಲದೋಷಕ್ಕಿಂತ ಈ ಕಾಲದೋಷ ದೊಡ್ಡದು. ಆಶ್ಚರ್ಯವೆಂದರೆ, ಆಟ ಆ ಸುಳ್ಳು ಮಾನವನ್ನು ಹಳೆಯದೆಂದು ನಂಬಿಸಿದರೂ ಅದನ್ನು ಪ್ರಶ್ನಿಸುವ ನಾಯಕನನ್ನೂ ಕೊಟ್ಟಿತು.

ಆದರೆ ಆಟಗಾರರಲ್ಲಿ ಕೆಲವರು ಮಾತ್ರ ಎತ್ತಿದ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯಿತು: ಆಟದ ದಂಡಿನಲ್ಲಿ ಕೊರಿಯನ್ನರೆಲ್ಲಿ? 1274ರ ಹಡಗುಗಳು ಹೊರಟದ್ದು ಕೊರಿಯಾದ ಹಪ್ಪೊ ಬಂದರಿನಿಂದ. ಆಗ ಆ ದೇಶಕ್ಕೆ ಕೊರ್ಯೊ ಎಂದು ಹೆಸರು. ಸುಮಾರು ಮೂವತ್ತು ವರ್ಷ ಮಂಗೋಲರ ದಾಳಿಯನ್ನು ತಡೆದು ಕೊನೆಗೆ ಶರಣಾದ ಆ ರಾಜ್ಯದ ಮೇಲೆ ಕುಬ್ಲಾಯ್ ಒಂಬೈನೂರು ಹಡಗು ಕಟ್ಟುವ ಹೊರೆ ಹೇರಿದ. ಮೂವತ್ತು ಸಾವಿರಕ್ಕೂ ಹೆಚ್ಚು ಬಡಗಿಗಳನ್ನೂ ಕೂಲಿಗಳನ್ನೂ ಬಲಾತ್ಕಾರವಾಗಿ ಕೂಡಿಸಿ, ಕೆಲವೇ ತಿಂಗಳಲ್ಲಿ ಆ ಕೆಲಸ ಮುಗಿಸಿದರೆಂದು ಕೊರ್ಯೊ ಇತಿಹಾಸಗ್ರಂಥ ಹೇಳುತ್ತದೆ. ಸಾವಿರಾರು ಕೊರ್ಯೊ ಸೈನಿಕರೂ ನಾವಿಕರೂ ತಮ್ಮ ಸೇನಾನಿ ಕಿಮ್ ಬಾಂಗ್‌ಗ್ಯೊಂಗನ ಕೈಕೆಳಗೆ, ತಮ್ಮನ್ನು ಗೆದ್ದವನ ಪರವಾಗಿ, ನೆರೆಯವರ ಮೇಲೆ ಯುದ್ಧಕ್ಕೆ ಬಂದರು. ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿ ಹಿಂದಿರುಗಲಿಲ್ಲ. ಹಿಂದಿರುಗಿದ ಹಡಗುಗಳಲ್ಲಿ ಜಪಾನಿನಿಂದ ಸೆರೆ ತಂದ ಇನ್ನೂರು ಮಂದಿ ಹುಡುಗ ಹುಡುಗಿಯರಿದ್ದರು; ಅವರನ್ನು ಕೊರ್ಯೊ ದೊರೆಗೂ ರಾಣಿಗೂ ಕಾಣಿಕೆ ಕೊಟ್ಟರು. ಆ ಇನ್ನೂರು ಮಕ್ಕಳಲ್ಲಿ ಒಂದರ ಹೆಸರೂ ಉಳಿದಿಲ್ಲ.

ಒಂದು ಕಡೆ ವೀರರು, ಇನ್ನೊಂದು ಕಡೆ ರಾಕ್ಷಸರು ಇರುವ ಆಟಕ್ಕೆ ಈ ಬಡಗಿಗಳೂ ಈ ಮಕ್ಕಳೂ ಹೊಂದುವುದಿಲ್ಲ. ಅವರನ್ನು ಬಿಟ್ಟದ್ದಕ್ಕೆ ನಿರ್ಮಾಪಕರನ್ನು ದೂರಲಾರೆ. ಜಪಾನಿನ ಹಳೆಯ ಕಥೆಗಾರರೂ ಅವರನ್ನು ಬಿಟ್ಟವರೇ. ಆದರೆ ಆಡಿದವನು ಆಟ ಮುಗಿಸಿದ ಮೇಲೆ ಇಷ್ಟನ್ನು ತಿಳಿದುಕೊಂಡರೆ ಅವನ ಗೆಲುವಿಗೆ ಬೇರೊಂದು ತೂಕ ಬರುತ್ತದೆ.

ತಿಳಿದುಕೊಳ್ಳುವ ಮನಸ್ಸು ಅವರಲ್ಲಿ ಇಲ್ಲವೆನ್ನುವಂತಿಲ್ಲ. 2020ರ ಸೆಪ್ಟೆಂಬರಿನಲ್ಲಿ ನಿಜವಾದ ತ್ಸುಶಿಮಾದ ವತತ್ಸುಮಿ ದೇಗುಲದ ತೋರಣಗಂಬವೊಂದು ಬಿರುಗಾಳಿಗೆ ಉರುಳಿತು. ಅದನ್ನು ಎತ್ತಿ ನಿಲ್ಲಿಸಲು ಐವತ್ತು ಲಕ್ಷ ಯೆನ್ ಬೇಕೆಂದು ಸಾರ್ವಜನಿಕರನ್ನು ಕೇಳಿದಾಗ, ಬಹುಮಟ್ಟಿಗೆ ಆಟದ ಅಭಿಮಾನಿಗಳ ಔದಾರ್ಯದಿಂದ, ಎರಡು ಕೋಟಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಬಂತು. 2021ರಲ್ಲಿ ಆ ನಗರ ಆಟದ ಇಬ್ಬರು ನಿರ್ದೇಶಕರನ್ನು ತನ್ನ ಪ್ರವಾಸ ರಾಯಭಾರಿಗಳನ್ನಾಗಿ ಗೌರವಿಸಿತು. ಕಥೆಯ ಇನ್ನೊಂದು ಮಗ್ಗುಲೂ ಇದೆ. 2025ರ ಮಾರ್ಚಿಯಲ್ಲಿ ಅದೇ ದೇಗುಲ, ಹೊರಗಿನವರ ಅನುಚಿತ ವರ್ತನೆಯಿಂದ ಬೇಸತ್ತು, ಪೂಜೆಗೆ ಬರುವವರ ಹೊರತು ನೋಡಲು ಬರುವವರಿಗೆ ಪ್ರವೇಶವಿಲ್ಲವೆಂದು ಪ್ರಕಟಿಸಿತು. ಗತಕಾಲಕ್ಕೆ ಹಣ ಕೊಡುವುದು ಸುಲಭ, ಅದರ ಅಂಗಳದಲ್ಲಿ ತಗ್ಗಿ ನಡೆಯುವುದು ಕಷ್ಟ. ದೇಗುಲಕ್ಕೆ ಹೋಗುವವರಿಗೆ ಎಷ್ಟೋ, ಇತಿಹಾಸ ಓದುವವರಿಗೂ ಆಡುವವರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.