ಟ್ಯಾಂಡೆಮ್: ಇಬ್ಬರೂ ತುಳಿಯಬೇಕಾದ ಮಾತು

ಲ್ಯಾಟಿನ್‌ನಲ್ಲಿ ‘ಟ್ಯಾಂಡೆಮ್’ ಎಂದರೆ ‘ಅಂತೂ’, ‘ಕೊನೆಗೂ’. ಕ್ರಿ.ಪೂ. 63ರಲ್ಲಿ ರೋಮ್‌ನ ಸೆನೆಟ್ ಸಭೆಯಲ್ಲಿ ವಾಗ್ಮಿ ಸಿಸೆರೊ ಸಂಚುಕೋರ ಕ್ಯಾಟಿಲೈನನ ಮೇಲೆ ಗುಡುಗಿದ ಭಾಷಣದ ಮೊದಲ ವಾಕ್ಯದಲ್ಲೇ ಈ ಪದವಿದೆ. ಅಲ್ಲಿ ಅದು ತಾಳ್ಮೆ ತೀರಿದವನ ಮಾತು. ಇಂಗ್ಲಿಷಿನ ‘ಅಟ್ ಲೆಂಗ್ತ್’ಗೆ ‘ಕೊನೆಗೂ’ ಎಂಬ ಅರ್ಥವೂ ಉಂಟು, ‘ಉದ್ದಕ್ಕೆ’ ಎಂಬ ಅರ್ಥವೂ ಉಂಟು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಲ್ಯಾಟಿನ್ ಬಲ್ಲವರು ಈ ಶ್ಲೇಷೆ ಹಿಡಿದು, ಒಂದರ ಹಿಂದೊಂದು ಕುದುರೆ ಹೂಡಿದ ಗಾಡಿಗೆ ಟ್ಯಾಂಡೆಮ್ ಎಂದು ಹೆಸರಿಟ್ಟರು. ಮುಂದಿನ ಶತಮಾನದಲ್ಲಿ ಆ ಹೆಸರು ಇಬ್ಬರು ಹಿಂದೆಮುಂದೆ ಕೂತು ತುಳಿಯುವ ಸೈಕಲ್ಲಿಗೆ ಬಂತು.

ಈಗ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಈ ಪದಕ್ಕೆ ಇನ್ನೊಂದು ಬಾಳು ಸಿಕ್ಕಿದೆ. ಒಬ್ಬರ ಭಾಷೆಯನ್ನು ಇನ್ನೊಬ್ಬರಿಗೆ ಕಲಿಸುವ ಜೋಡಿಗೆ ಅಲ್ಲಿ ಟ್ಯಾಂಡೆಮ್ ಎನ್ನುತ್ತಾರೆ. ಹೀಗೆ ಕೂಡಿ ಕಲಿಯುವ ಪದ್ಧತಿ ಬೆಳೆದದ್ದರಲ್ಲಿ 1963ರಲ್ಲಿ ಹುಟ್ಟಿದ ಫ್ರೆಂಚ್–ಜರ್ಮನ್ ಯುವಜನ ಸಂಸ್ಥೆಯ ಪಾಲು ದೊಡ್ಡದು. ಎರಡು ಮಹಾಯುದ್ಧಗಳಲ್ಲಿ ಎದುರಾಳಿಗಳಾಗಿದ್ದ ದೇಶಗಳ ಮಕ್ಕಳನ್ನು ಒಂದೆಡೆ ಕೂರಿಸುವುದೇ ಅದರ ಕೆಲಸವಾಗಿತ್ತು. ಹಾಗಾಗಿ ಈ ಪದದೊಳಗೆ ಭಾಷೆ ಕಲಿಯುವ ಆಸೆಯ ಜೊತೆಗೆ ಹಗೆ ತೊಳೆಯುವ ಆಸೆಯೂ ಇದೆ.

ನಿಯಮ ಸರಳ. ಹೊತ್ತಿನ ಅರ್ಧ ನಿನ್ನ ಭಾಷೆಗೆ, ಅರ್ಧ ನನ್ನ ಭಾಷೆಗೆ. ಫೀಸಿಲ್ಲ, ಮೇಷ್ಟರಿಲ್ಲ. ಏನು ಕಲಿಯಬೇಕು, ಯಾವಾಗ ತಿದ್ದಬೇಕು ಎಂಬುದನ್ನು ಇಬ್ಬರೇ ಮಾತಾಡಿಕೊಂಡು ತೀರ್ಮಾನಿಸುತ್ತಾರೆ. ಸಿನಿಮಾಕ್ಕೆ ಹೋಗುವುದು, ಅಡುಗೆ ಮಾಡುವುದು, ಬಾಡಿಗೆ ಪತ್ರ ಓದಿಸಿಕೊಳ್ಳುವುದು, ಎಲ್ಲವೂ ಪಾಠವೇ.

ಹೊರದೇಶಕ್ಕೆ ಓದಲು ಹೋದವರಿಗೆ ಇದು ಏಕೆ ಬೇಕು? ತರಗತಿ ಇಂಗ್ಲಿಷಿನಲ್ಲಿ ನಡೆದರೂ ಕ್ಯಾಂಟೀನಿನ ಮೇಜಿನಲ್ಲಿ ನಗು ಹುಟ್ಟುವುದು ಊರಿನ ಭಾಷೆಯಲ್ಲಿ. ಹೊಸಬರು ಸದಾ ಕೇಳುವವರು, ಸದಾ ಋಣದಲ್ಲಿರುವವರು. ಎಲ್ಲರೂ ಒಳ್ಳೆಯವರೇ, ಆದರೆ ಒಂದೇ ಕಡೆಯಿಂದ ಹರಿಯುವ ಉಪಕಾರದಲ್ಲಿ ಗೆಳೆತನ ಬೇರು ಬಿಡುವುದು ಕಷ್ಟ. ಟ್ಯಾಂಡೆಮ್ ಅದನ್ನು ಸರಿಪಡಿಸುತ್ತದೆ.

ಮೈಸೂರಿನ ಹುಡುಗಿಯೊಬ್ಬಳು ಜರ್ಮನ್ ಗೆಳತಿಯೆದುರು ಕೂತಿದ್ದಾಳೆ ಎಂದುಕೊಳ್ಳಿ. ‘ಸುಂದರ’ ಎನ್ನಲು ಅವಳು ಹೇಳುವ ಪದ ಪ್ರತಿ ಸಲವೂ ‘ಶೋನ್’ ಆಗುತ್ತದೆ, ಅದಕ್ಕೆ ‘ಆಗಲೇ’ ಎಂದರ್ಥ. ತುಟಿಯನ್ನು ‘ಓ’ಗೆ ದುಂಡಗೆ ಮಾಡಿ ಒಳಗಿಂದ ‘ಏ’ ಹೇಳು ಎಂದು ಗೆಳತಿ ತನ್ನ ತುಟಿ ತೋರಿಸುತ್ತಾಳೆ. ಅರ್ಧ ಹೊತ್ತು ಕಳೆಯುತ್ತದೆ, ಪಾತ್ರ ಬದಲಾಗುತ್ತದೆ. ಈಗ ಗೆಳತಿಯ ಬಾಯಲ್ಲಿ ‘ಹಾಳು’ ಎಂಬುದೂ ‘ಹಾಲು’ ಆಗುತ್ತದೆ. ನಾಲಿಗೆ ತುದಿಯನ್ನು ಹಿಂದಕ್ಕೆ ಮಡಚಬೇಕು ಎಂದು ಮೈಸೂರಿನವಳು ಅಂಗೈ ಮಡಚಿ ತೋರಿಸುತ್ತಾಳೆ. ಇಷ್ಟು ದಿನ ತಿದ್ದಿಸಿಕೊಂಡವಳು ಈಗ ತಿದ್ದುವವಳು. ಆ ಗಳಿಗೆಯಲ್ಲಿ ಅವಳ ದನಿಗೆ ಬರುವ ಧೈರ್ಯ ಯಾವ ಸ್ವಾಗತ ಸಮಾರಂಭದಿಂದಲೂ ಬರುವಂಥದ್ದಲ್ಲ.

ಆದರೆ ಟ್ಯಾಂಡೆಮ್ ಜೋಡಿ ಹುಡುಕುವಾಗ ‘ಯಾವ ಭಾಷೆ ಕಲಿಸಬಲ್ಲಿರಿ?’ ಎಂದು ಕೇಳಿದರೆ ನಮ್ಮ ಮಕ್ಕಳು ಇಂಗ್ಲಿಷ್, ಹಿಂದಿ ಎಂದು ಬರೆದು ಕನ್ನಡವನ್ನು ಬಿಟ್ಟುಬಿಡಬಾರದು. ಕನ್ನಡ ಯಾರಿಗೆ ಬೇಕು ಎಂಬ ಅನುಮಾನಕ್ಕೆ ಜರ್ಮನಿಯಲ್ಲೇ ಉತ್ತರವಿದೆ. ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತಾರೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟಿಗಾಗಿ ಜರ್ಮನ್ ಮಿಷನರಿ ಫರ್ಡಿನಂಡ್ ಕಿಟೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಆ ಊರಿನಲ್ಲೇ. ಆ ನಿಘಂಟು ಒಬ್ಬರೇ ಕೋಣೆಯಲ್ಲಿ ಕೂತು ಮಾಡುವ ಕೆಲಸವಲ್ಲ. ಅದರ ಹಿಂದೆ ಅರ್ಥ ಹೇಳಿಕೊಟ್ಟ ಕನ್ನಡಿಗರಿದ್ದರು.

ಟ್ಯಾಂಡೆಮ್ ಸೈಕಲ್ಲಿನಲ್ಲಿ ಹಿಂದೆ ಕೂತವರ ಕೈಯಲ್ಲಿ ದಿಕ್ಕಿಲ್ಲ, ಆದರೂ ಕಾಲಿಗೆ ಬಿಡುವಿಲ್ಲ. ಭಾಷೆಯ ಟ್ಯಾಂಡೆಮ್‌ನಲ್ಲಿ ಒಂದು ಹೆಚ್ಚಿನ ಸೊಗಸಿದೆ, ಅರ್ಧ ದಾರಿಗೆ ಸೀಟು ಬದಲಾಗುತ್ತದೆ. ಪರವೂರಿನಲ್ಲಿ ಗೆಳೆಯರು ಬೇಕೆನ್ನುವವರು ಕಲಿಯುವ ವಿನಯದಷ್ಟೇ ಕಲಿಸುವ ಹುಮ್ಮಸ್ಸನ್ನೂ ಒಯ್ಯಬೇಕು. ಪಡೆಯುವುದನ್ನಷ್ಟೇ ಬಲ್ಲವರು ಅತಿಥಿಗಳಾಗಿಯೇ ಉಳಿಯುತ್ತಾರೆ, ಕೊಡಬಲ್ಲವರು ಗೆಳೆಯರಾಗುತ್ತಾರೆ.