ತವರು ಕದ ತೆಗೆಯದಾಗ

1996ರ ಫೆಬ್ರವರಿಯಲ್ಲಿ ಪೊಲೀಸರು ಮುಂಬೈಯ ಕಾಮಾಠಿಪುರದ ವೇಶ್ಯಾಗೃಹಗಳ ಮೇಲೆ ದೊಡ್ಡ ದಾಳಿ ನಡೆಸಿದರು. ಎಳೆಯ ಹುಡುಗಿಯರನ್ನು ಕೂಡಿಹಾಕಿ ದಂಧೆಗೆ ದೂಡುತ್ತಿದ್ದಾರೆ ಎಂಬ ಪತ್ರಿಕಾ ವರದಿಯನ್ನು ಬಾಂಬೆ ಹೈಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿದ್ದು ಇದಕ್ಕೆ ಹಿನ್ನೆಲೆ. ಐನೂರರ ಆಸುಪಾಸು ಹೆಂಗಸರು ಮತ್ತು ಹುಡುಗಿಯರು ಹೊರಬಂದರು. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ನೇಪಾಳದವರು.

ಇಂಥ ಸುದ್ದಿಯನ್ನು ನಮ್ಮ ಪತ್ರಿಕೆಗಳು ಬರೆಯುವ ವಾಕ್ಯ ಎಲ್ಲರಿಗೂ ಬಾಯಿಪಾಠ: ‘ದಾಳಿ ನಡೆಸಿ ಇಷ್ಟು ಮಂದಿಯನ್ನು ರಕ್ಷಿಸಲಾಗಿದೆ.’ ವಾಕ್ಯ ಅಲ್ಲಿಗೆ ಮುಗಿಯುತ್ತದೆ, ಸುದ್ದಿಯೂ ಅಲ್ಲಿಗೆ ಮುಗಿಯುತ್ತದೆ. ರಕ್ಷಿಸಿದ ಮೇಲೆ ಅವರನ್ನು ಎಲ್ಲಿಗೆ ಕರೆದೊಯ್ದರು, ಅಲ್ಲಿ ಎಷ್ಟು ದಿನ ಇಟ್ಟರು, ‘ನಿಮಗೇನು ಬೇಕು’ ಎಂದು ಯಾರಾದರೂ ಕೇಳಿದರೆ? 1996ರ ಆ ದಾಳಿಯ ಚರಿತ್ರೆ ನಿಜವಾಗಿ ಶುರುವಾಗುವುದು ಈ ಪ್ರಶ್ನೆಗಳಿಂದ.

ನೇಪಾಳದ ಹುಡುಗಿಯರು ಮುಂಬೈಗೆ ಬಂದ ದಾರಿ ಹಳೆಯದು. 1846ರಿಂದ 1951ರವರೆಗೆ ನೇಪಾಳವನ್ನು ಆಳಿದ ರಾಣಾ ಮನೆತನದ ಅರಮನೆಗಳಿಗೆ ಸುತ್ತಲಿನ ಬೆಟ್ಟದೂರುಗಳಿಂದ ಹುಡುಗಿಯರನ್ನು ಊಳಿಗಕ್ಕೆಂದು ಕರೆತರುವ ರೂಢಿಯಿತ್ತು. ಕಠ್ಮಂಡುವಿಗೆ ಹತ್ತಿರದ ಸಿಂಧುಪಾಲ್ಚೋಕ್, ನುವಾಕೋಟ್ ಜಿಲ್ಲೆಗಳ ತಾಮಾಂಗ್ ಜನ ಇದಕ್ಕೆ ಹೆಚ್ಚಾಗಿ ಸಿಕ್ಕಿಕೊಂಡವರು. ರಾಣಾ ಆಳ್ವಿಕೆ ಮುಗಿದರೂ ಹುಡುಗಿಯರನ್ನು ಒಯ್ಯುವ ದಲ್ಲಾಳಿಗಳ ಜಾಲ ಮುಗಿಯಲಿಲ್ಲ. ಅದು ದಕ್ಷಿಣಕ್ಕೆ, ಭಾರತದ ನಗರಗಳ ಕಡೆಗೆ ತಿರುಗಿತು. 1950ರ ಭಾರತ–ನೇಪಾಳ ಒಪ್ಪಂದದ ಪ್ರಕಾರ ಎರಡೂ ದೇಶದವರು ಪಾಸ್‌ಪೋರ್ಟ್, ವೀಸಾ ಇಲ್ಲದೆ ಗಡಿ ದಾಟಬಹುದು. ಕೂಲಿಗೆ ಹೋಗುವವರಿಗೆ, ನೆಂಟರ ಮನೆಗೆ ಹೋಗುವವರಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಕೆಲಸ ಕೊಡಿಸುತ್ತೇನೆ, ಮದುವೆಯಾಗುತ್ತೇನೆ ಎಂದು ನಂಬಿಸಿ ಕರೆದೊಯ್ಯುವವರೂ ಅದೇ ದಾರಿಯನ್ನು ಬಳಸಿಕೊಂಡರು. 1980ರ ನಂತರ ಕಠ್ಮಂಡುವಿನ ಜಮಖಾನೆ ಕಾರ್ಖಾನೆಗಳಿಗೆ ಹಳ್ಳಿಯ ಹುಡುಗಿಯರು ಸಾವಿರಗಟ್ಟಲೆ ಬರತೊಡಗಿದಾಗ ದಲ್ಲಾಳಿಗಳು ಹಳ್ಳಿಹಳ್ಳಿ ತಿರುಗುವುದೂ ಬೇಕಿರಲಿಲ್ಲ.

ಹೀಗೆ ಒಂದು ಚೀಟಿಯೂ ಇಲ್ಲದೆ ಗಡಿ ದಾಟಿಸಲಾಗಿದ್ದ ಹುಡುಗಿಯರು ಈಗ ಮರಳಿ ಹೋಗಬೇಕಿತ್ತು. ಆಗ ನೇಪಾಳ ಸರ್ಕಾರ ಕಾಗದ ಕೇಳಿತು. ಇವರು ನಮ್ಮ ಪ್ರಜೆಗಳೆನ್ನಲು ಪುರಾವೆ ಏನಿದೆ ಎಂಬುದು ಅದರ ಪ್ರಶ್ನೆ. ಪುರಾವೆ ಇರಲು ಸಾಧ್ಯವೇ ಇರಲಿಲ್ಲ. ನೇಪಾಳದಲ್ಲಿ ಪೌರತ್ವದ ಪ್ರಮಾಣಪತ್ರ ಸಿಗುವುದು 16 ವರ್ಷ ತುಂಬಿದ ಮೇಲೆ, ಅದೂ ಆಗಿನ ಕಾನೂನಿನಲ್ಲಿ ತಂದೆಯ ಮೂಲಕ. ಹುಡುಗಿಯರಲ್ಲಿ ಹಲವರು ಮನೆ ಬಿಟ್ಟಾಗ ಅವರಿಗೆ ಆ ವಯಸ್ಸೇ ಆಗಿರಲಿಲ್ಲ.

ಕಾಗದದ ಪ್ರಶ್ನೆಯ ಹಿಂದೆ ಇನ್ನೊಂದು ಭಯವಿತ್ತು. ಅದು ಎಚ್‌ಐವಿ ಬಗ್ಗೆ ಜನ ಪಿಸುಗುಟ್ಟಿ ಮಾತಾಡುತ್ತಿದ್ದ ಕಾಲ. ಮುಂಬೈಯಿಂದ ಬರುವ ಹುಡುಗಿಯರ ಜೊತೆ ಏಡ್ಸ್ ಕೂಡ ಬರುತ್ತದೆ ಎಂಬ ಮಾತು ನೇಪಾಳದ ಪತ್ರಿಕೆಗಳಲ್ಲೂ ಬಂತು, ಕಚೇರಿಗಳಲ್ಲೂ ಹರಿದಾಡಿತು. ಕಳವಾದ ಮಕ್ಕಳು ಸಿಕ್ಕಿದ್ದಾರೆ ಎಂಬುದಕ್ಕಿಂತ ರೋಗ ಬರುತ್ತಿದೆ ಎಂಬುದೇ ದೊಡ್ಡ ಸುದ್ದಿಯಾಯಿತು.

ಎರಡು ಸರ್ಕಾರಗಳ ನಡುವೆ ಸಿಕ್ಕಿಕೊಂಡ ಹುಡುಗಿಯರು ಸುಮಾರು ಆರು ತಿಂಗಳು ಮುಂಬೈಯ ಆಶ್ರಯ ಕೇಂದ್ರಗಳಲ್ಲಿ ಕಳೆದರು. ಅಲ್ಲಿ ಘರ್‌ವಾಲಿಯ ಹೊಡೆತ ಇರಲಿಲ್ಲ, ಗಿರಾಕಿ ಇರಲಿಲ್ಲ. ಆದರೆ ತಮ್ಮಿಷ್ಟದಂತೆ ಹೊರಗೆ ಹೋಗುವಂತೆಯೂ ಇರಲಿಲ್ಲ. ಮುಂದೇನು ಎಂಬುದನ್ನು ಬೇರೆಯವರು, ಬೇರೆಲ್ಲೋ ಕೂತು ತೀರ್ಮಾನಿಸುತ್ತಿದ್ದರು.

ಕೊನೆಗೆ ಕದ ತೆಗೆದದ್ದು ಸರ್ಕಾರವಲ್ಲ, ಕಠ್ಮಂಡುವಿನ ಕೆಲವು ಸಂಸ್ಥೆಗಳು. ಎಬಿಸಿ ನೇಪಾಳ ಮತ್ತು ಸಿವಿನ್ 1987ರಲ್ಲಿ ಹುಟ್ಟಿದ್ದವು. ರೇಣು ರಾಜಭಂಡಾರಿ ಕಟ್ಟಿದ ವೊರೆಕ್ 1991ರಲ್ಲಿ. ಶಾಲಾ ಶಿಕ್ಷಕಿಯಾಗಿದ್ದ ಅನುರಾಧಾ ಕೊಯಿರಾಲಾ ಆರಂಭಿಸಿದ ಮೈತಿ ನೇಪಾಳ 1993ರಲ್ಲಿ. ಇವೂ ಇನ್ನು ಕೆಲವು ಸಂಸ್ಥೆಗಳೂ ಸೇರಿ ‘ಹೊಣೆ ನಮ್ಮದು’ ಎಂದು ಒಪ್ಪಿಕೊಂಡ ಮೇಲೆ ನೂರಿಪ್ಪತ್ತಕ್ಕೂ ಹೆಚ್ಚು ಮಂದಿ ಕಠ್ಮಂಡುವಿಗೆ ಮರಳಿದರು.

ನೇಪಾಳಿಯಲ್ಲಿ ‘ಮೈತಿ’ ಎಂದರೆ ತವರು. ಹೆಣ್ಣುಮಕ್ಕಳನ್ನು ಮಾರುವ ದಂಧೆಗೆ ಅಲ್ಲಿನ ಜನ ಹೇಳುವ ಹೆಸರು ‘ಚೇಲಿಬೇಟಿ ಬೇಚಬಿಖನ್’. ಚೇಲಿಬೇಟಿ ಎಂದರೆ ಬರೀ ಹೆಂಗಸಲ್ಲ. ಮನೆಮಗಳು, ಅಕ್ಕತಂಗಿ, ಹಬ್ಬಕ್ಕೆ ಕರೆದು ಬಾಗಿನ ಕೊಡಬೇಕಾದವಳು. ಕನ್ನಡದವರಿಗೆ ಈ ಭಾವ ವಿವರಿಸಬೇಕಾಗಿಲ್ಲ. ತವರು ಕಾಪಾಡಬೇಕಾದ ಮಗಳನ್ನು ಮಾರಿದರು ಎಂಬ ನೋವು ಆ ನುಡಿಯಲ್ಲೇ ಇದೆ. ಆದ್ದರಿಂದಲೇ ತವರಿನ ಹೆಸರಿಟ್ಟುಕೊಂಡ ಸಂಸ್ಥೆಗೆ ಆ ದೇಶದಲ್ಲಿ ಅಷ್ಟು ಬೇಗ ಗೌರವ ಸಿಕ್ಕಿತು. ಮೈತಿ ನೇಪಾಳ ಗಡಿಯ ನಾಕೆಗಳಲ್ಲಿ ಕಾವಲು ಕೇಂದ್ರಗಳನ್ನು ತೆರೆಯಿತು. ದಲ್ಲಾಳಿಗಳ ಚಹರೆ, ಮಾತಿನ ವರಸೆ ಬಲ್ಲವರು ಬೇಕೆಂದು ಹಿಂದೆ ಮಾರಾಟವಾಗಿ ಮರಳಿ ಬಂದ ಹುಡುಗಿಯರನ್ನೇ ಅಲ್ಲಿ ನಿಲ್ಲಿಸಿತು.

ಆದರೆ ತವರಿನ ಪ್ರೀತಿಗೂ ಒಂದು ಮಿತಿ ಇದೆ. ತವರಿನಲ್ಲಿ ಮಗಳಿಗೆ ಊಟ ಉಂಟು, ಆಸರೆ ಉಂಟು, ಯಜಮಾನಿಕೆ ಇಲ್ಲ. 1996ರಲ್ಲಿ ಮರಳಿದ ಹುಡುಗಿಯರಲ್ಲಿ ಕೆಲವರಿಗೆ ಇದು ಬೇಗ ಮನವರಿಕೆಯಾಯಿತು. ತಮಗಾಗಿ ದುಡಿಯುವವರು ಒಳ್ಳೆಯವರೇ. ಆದರೂ ತಮ್ಮ ಬಗ್ಗೆ ನಡೆಯುವ ಸಭೆಯಲ್ಲಿ ತಮಗೆ ಕುರ್ಚಿ ಇಲ್ಲ, ತಮ್ಮ ಫೋಟೊ ಪತ್ರಿಕೆಗೆ ಹೋಗಬೇಕೆ ಬೇಡವೆ ಎಂದು ತಮ್ಮನ್ನು ಕೇಳುವವರಿಲ್ಲ. ಹಾಗಾಗಿ ಹದಿನೈದರಷ್ಟು ಮಂದಿ ಸೇರಿ ತಮ್ಮದೇ ಒಂದು ಗುಂಪು ಕಟ್ಟಿಕೊಂಡರು. ಹೆಸರು ‘ಶಕ್ತಿ ಸಮೂಹ’. ಕನ್ನಡಕ್ಕೆ ಅನುವಾದವೇ ಬೇಡದ ಹೆಸರು.

ಆ ಗುಂಪಿನಲ್ಲಿದ್ದ ಚರಿಮಾಯಾ ತಾಮಾಂಗ್ ಸಿಂಧುಪಾಲ್ಚೋಕ್ ಜಿಲ್ಲೆಯವರು. 16ನೆಯ ವಯಸ್ಸಿನಲ್ಲಿ ಅವರನ್ನು ಭಾರತಕ್ಕೆ ಸಾಗಿಸಲಾಗಿತ್ತು. ದಾಳಿಯಾಗುವ ಹೊತ್ತಿಗೆ ವೇಶ್ಯಾಗೃಹದಲ್ಲಿ 22 ತಿಂಗಳು ಕಳೆದಿದ್ದರು. ಊರಿಗೆ ಮರಳಿದಾಗ ಜನ ದೂರ ಇಟ್ಟರು. ಅವರು ತಲೆಮರೆಸಿಕೊಳ್ಳಲಿಲ್ಲ. ತನ್ನನ್ನು ಮಾರಿದವರ ಮೇಲೆ ತಾನೇ ದೂರು ಕೊಟ್ಟರು. ನೇಪಾಳದಲ್ಲಿ ಮಾನವ ಕಳ್ಳಸಾಗಣೆ ತಡೆಯುವ ಕಾನೂನು 1986ರಿಂದಲೇ ಇತ್ತು. ಆದರೆ ಮಾರಾಟವಾದವಳೇ ಖುದ್ದಾಗಿ ದೂರು ದಾಖಲಿಸಿದ್ದು ಅದೇ ಮೊದಲು. 1997ರಲ್ಲಿ ಜಿಲ್ಲಾ ನ್ಯಾಯಾಲಯ 8 ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿತು.

ಗುಂಪು ಕಟ್ಟುವುದು ಒಂದು, ಅದನ್ನು ನೋಂದಾಯಿಸುವುದು ಇನ್ನೊಂದು. ಸಂಘದ ಅರ್ಜಿಗೆ ಸಹಿ ಹಾಕುವವರು ಪೌರತ್ವದ ಪ್ರಮಾಣಪತ್ರ ಕೊಡಬೇಕು. ಪ್ರಮಾಣಪತ್ರ ಬೇಕಿದ್ದರೆ ಮನೆಯ ಗಂಡಸರು ‘ಇವಳು ನಮ್ಮವಳು’ ಎಂದು ಒಪ್ಪಬೇಕು. ಮುಂಬೈಯಲ್ಲಿ ಆರು ತಿಂಗಳು ತಡೆದಿದ್ದ ಕಾಗದ ಕಠ್ಮಂಡುವಿನಲ್ಲೂ ಅಡ್ಡ ಬಂತು. ಶಕ್ತಿ ಸಮೂಹ ಅಧಿಕೃತವಾಗಿ ನೋಂದಣಿಯಾಗಿದ್ದು 2000ದಲ್ಲಿ, ನಾಲ್ಕು ವರ್ಷಗಳ ಮೇಲೆ. ಮಾರಾಟವಾಗಿ ಮರಳಿದವರೇ ಕಟ್ಟಿ ನಡೆಸುವ ನೇಪಾಳದ ಮೊದಲ ಸಂಸ್ಥೆ ಅದು.

ಅವರು ಮಾಡಿದ ಕೆಲಸವನ್ನು ನೋಡಿದರೆ ಒಳಗಿನಿಂದ ಬಂದವರ ಅನುಭವ ಎದ್ದು ಕಾಣುತ್ತದೆ. ಮರಳಿ ಬಂದವರಿಗೆ ತಂಗಲು ಮನೆ, ಕೋರ್ಟಿಗೆ ಹೋಗುವವರಿಗೆ ವಕೀಲರು, ಹಳ್ಳಿಗಳಲ್ಲಿ ಹದಿಹರೆಯದ ಹುಡುಗಿಯರ ಗುಂಪುಗಳು, ಇವು ಮೇಲೆ ಕಾಣುವ ಕೆಲಸ. ಅದರ ಜೊತೆಗೆ ಪೌರತ್ವದ ಪತ್ರ ಮಾಡಿಸಿಕೊಡುವುದು ಅವರಿಗೆ ಮೊದಲ ಸಾಲಿನ ಕೆಲಸವಾಗಿತ್ತು. ಹೊರಗಿನಿಂದ ನೋಡುವವರಿಗೆ ಇದು ಗುಮಾಸ್ತಗಿರಿ ಎನಿಸಬಹುದು. ಕಾಗದ ಇಲ್ಲದೆ ಎರಡು ದೇಶಗಳ ನಡುವೆ ಸಿಕ್ಕಿಕೊಂಡಿದ್ದವರಿಗೆ ಅದು ಗೊತ್ತಿತ್ತು: ಹೆಸರಿನಲ್ಲಿ ಒಂದು ಕಾಗದ ಇಲ್ಲದವಳು ಬ್ಯಾಂಕ್ ಖಾತೆ ತೆರೆಯಲಾರಳು, ಆಸ್ತಿ ಮಾಡಲಾರಳು, ಮಗುವಿಗೆ ಪೌರತ್ವ ಕೊಡಿಸಲು ಪರದಾಡಬೇಕು, ಅವಳನ್ನು ಎರಡನೆಯ ಸಲ ಮಾರುವುದು ಸುಲಭ.

2007ರಲ್ಲಿ ನೇಪಾಳ ಹೊಸ ಕಾನೂನು ತಂದಿತು. ಮನುಷ್ಯರನ್ನು ಮಾರಿದವರಿಗೆ 20 ವರ್ಷ ಜೈಲು, ವಿಧಿಸಿದ ದಂಡದಲ್ಲಿ ಕನಿಷ್ಠ ಅರ್ಧದಷ್ಟು ಮೊತ್ತ ನೊಂದವರಿಗೆ ಪರಿಹಾರ, ಮುಚ್ಚಿದ ಕೋಣೆಯಲ್ಲಿ ವಿಚಾರಣೆ ಇವು ಅದರಲ್ಲಿದ್ದವು. 2009ರಲ್ಲಿ ಕಳ್ಳಸಾಗಣೆ ತಡೆಯುವ ರಾಷ್ಟ್ರೀಯ ಸಮಿತಿಗೆ ಚರಿಮಾಯಾ ಅವರ ಹೆಸರು ಸೇರಿತು. ಸಭೆಯಲ್ಲಿ ಕುರ್ಚಿ ಸಿಕ್ಕಿತು. 2013ರಲ್ಲಿ ಶಕ್ತಿ ಸಮೂಹಕ್ಕೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 17 ವರ್ಷ ಹಿಂದೆ ‘ಇವರು ನಮ್ಮವರೆನ್ನಲು ಪುರಾವೆ ಎಲ್ಲಿ’ ಎಂದು ಕೇಳಿದ್ದ ದೇಶಕ್ಕೆ ಈಗ ಇವರು ಹೆಮ್ಮೆಯ ಮಕ್ಕಳು.

ಕಾಮಾಠಿಪುರದ ಗಲ್ಲಿಗಳಲ್ಲಿ ಕೇಳುತ್ತಿದ್ದದ್ದು ನೇಪಾಳಿ ಒಂದೇ ಅಲ್ಲ, ಕನ್ನಡವೂ ಇತ್ತು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಸೀಮೆಯಿಂದ ಬಂದ ಹೆಂಗಸರು ಅಲ್ಲಿ ದಶಕಗಳಿಂದ ಇದ್ದರು. ಅವರಲ್ಲಿ ಬಹಳ ಮಂದಿ ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು, ದಲಿತ ಕೇರಿಗಳ ಮಕ್ಕಳು. ನೇಪಾಳದ ಹುಡುಗಿಗೆ ದಲ್ಲಾಳಿ ಸುಳ್ಳು ಹೇಳಬೇಕಿತ್ತು. ಇಲ್ಲಿ ದೇವರ ಹೆಸರೇ ಸಾಕಾಗಿತ್ತು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆ ಇಲ್ಲ, ಮನೆ ನಡೆಸುವ ಭಾರ ಮಾತ್ರ ಉಂಟು. ಆ ಭಾರವೇ ಹಲವರನ್ನು ಮುಂಬೈ, ಪುಣೆ, ಸಾಂಗ್ಲಿಗೆ ದೂಡಿತು.

ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಮಾಡಿತು. ಮುತ್ತು ಕಟ್ಟುವುದನ್ನು ಅದು ಅಪರಾಧವೆಂದು ಸಾರಿತೇ ಹೊರತು ಆಗಲೇ ಮುತ್ತು ಕಟ್ಟಿಸಿಕೊಂಡಿದ್ದವರ ಬದುಕಿಗೆ ಸ್ಪಷ್ಟ ದಾರಿ ತೋರಿಸಲಿಲ್ಲ. 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಶಕ್ತಿ ಸಮೂಹ ಹುಟ್ಟಿದ ಮರುವರ್ಷ, 1997ರಲ್ಲಿ, ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರು ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿದರು. ಜನ ಅದನ್ನು ‘ಮಾಸ್’ ಎನ್ನುತ್ತಾರೆ. ಬೆನ್ನಿಗೆ ಮೈರಾಡ ಎಂಬ ಸಂಸ್ಥೆಯ ಹಲವು ವರ್ಷಗಳ ಕೆಲಸವಿತ್ತು, ಆದರೆ ನಡೆಸುವವರು ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸರೇ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ ಏಳನೆಯ ವಯಸ್ಸಿನಲ್ಲೇ ಮುತ್ತು ಕಟ್ಟಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಕಠ್ಮಂಡುವಿನವರಿಗೂ ಬೆಳಗಾವಿಯವರಿಗೂ ಹೊಳೆದ ಮಾತು ಒಂದೇ: ನಮ್ಮನ್ನು ಕಾಪಾಡುವ ಕೆಲಸದಲ್ಲಿ ನಮಗೂ ಪಾಲು ಬೇಕು.

ಈ ಮಾತು ಎಲ್ಲರನ್ನೂ ಒಂದೇ ಕಡೆಗೆ ಕರೆದೊಯ್ಯಲಿಲ್ಲ ಎಂಬುದನ್ನೂ ಹೇಳಬೇಕು. ಅದೇ 1996ರಲ್ಲಿ ಸಾಂಗ್ಲಿಯಲ್ಲಿ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’ ಹುಟ್ಟಿತು. ಅದರ ಸದಸ್ಯೆಯರಲ್ಲಿ ಕನ್ನಡ ಮಾತಾಡುವ ದೇವದಾಸಿಯರೂ ಇದ್ದರು. ಎಳೆಯ ಹುಡುಗಿಯರನ್ನು ದಂಧೆಗೆ ತರುವುದನ್ನು ನಾವೂ ಒಪ್ಪುವುದಿಲ್ಲ, ಆದರೆ ವಯಸ್ಸಿಗೆ ಬಂದ ನಮ್ಮನ್ನು ಕೇಳದೆ ಎಳೆದೊಯ್ದು ಕೂಡಿಹಾಕುವುದು ರಕ್ಷಣೆಯಲ್ಲ ಎಂಬುದು ಅವರ ವಾದ. ಮಾರಾಟವಾದವರ ಸಂಘಕ್ಕೂ ಈ ಪರಿಷತ್ತಿಗೂ ವೇಶ್ಯಾವೃತ್ತಿಯ ಬಗ್ಗೆ ಒಮ್ಮತವಿಲ್ಲ. ಆದರೂ ಇಬ್ಬರ ದೂರಿನಲ್ಲಿ ಒಂದು ಅಂಶ ಸಮಾನ: ಕೇಳಲಿಲ್ಲ ಎಂಬುದು.

ಕೇಳದಿದ್ದರೆ ಆಗುವ ಅಪಾಯ ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. 1986ರಿಂದ ಕಾಮಾಠಿಪುರದಲ್ಲಿ ಮಕ್ಕಳ ನಡುವೆ ಕೆಲಸ ಮಾಡುತ್ತಿರುವ ‘ಪ್ರೇರಣಾ’ ಸಂಸ್ಥೆ ಬಾಂಬೆ ಹೈಕೋರ್ಟಿಗೆ ಹೋದದ್ದು ಅದಕ್ಕಾಗಿಯೇ. ದಾಳಿಯಲ್ಲಿ ಬಿಡಿಸಿದ ಹುಡುಗಿಯರನ್ನು ‘ನಾವು ಬಂಧುಗಳು’ ಎಂದು ಬಂದವರ ಕೈಗೆ ಒಪ್ಪಿಸಿದರೆ ಅವರು ಮತ್ತೆ ಅದೇ ಮನೆಗೆ ಮರಳುತ್ತಿದ್ದರು. 2002ರ ತೀರ್ಪಿನಲ್ಲಿ ನ್ಯಾಯಾಲಯ ಹುಡುಗಿಯ ವಯಸ್ಸು ಮತ್ತು ಬಂದವರ ಹಿನ್ನೆಲೆ ಪರಿಶೀಲಿಸದೆ ಬಿಡಬಾರದು, ಆರೋಪಿಯ ವಕೀಲರೇ ಹುಡುಗಿಯ ಪರವಾಗಿಯೂ ನಿಲ್ಲಬಾರದು ಎಂದಿತು. ಇಪ್ಪತ್ತು ವರ್ಷಗಳ ನಂತರ, 2022ರ ಮೇ 19ರಂದು, ಸುಪ್ರೀಂ ಕೋರ್ಟ್ ಇನ್ನೊಂದು ತುದಿಯನ್ನು ಹಿಡಿಯಿತು: ಇಷ್ಟವಿಲ್ಲದೆ ಆಶ್ರಯ ಕೇಂದ್ರಗಳಲ್ಲಿ ಉಳಿದಿರುವ ವಯಸ್ಕ ಹೆಂಗಸರು ಯಾರೆಂದು ಸಮೀಕ್ಷೆ ಮಾಡಿ, ಕಾಲಮಿತಿಯೊಳಗೆ ಬಿಡಿಸಿ ಎಂದು ರಾಜ್ಯಗಳಿಗೆ ಸೂಚಿಸಿತು. ಎಳೆಯಳನ್ನು ಅವಸರದಲ್ಲಿ ಬಿಡಬಾರದು, ವಯಸ್ಕಳನ್ನು ಬಲವಂತವಾಗಿ ಇಡಬಾರದು. ಎರಡಕ್ಕೂ ಎದುರಿಗಿರುವವಳ ಮಾತನ್ನು ಕಿವಿಗೊಟ್ಟು ಕೇಳುವ ತಾಳ್ಮೆ ಬೇಕು.

2015ರ ಭೂಕಂಪದಲ್ಲಿ ನೇಪಾಳದಲ್ಲಿ ಅತಿ ಹೆಚ್ಚು ಜನ ಸತ್ತದ್ದು ಸಿಂಧುಪಾಲ್ಚೋಕ್‌ನಲ್ಲಿ. ಮನೆ ಕಳೆದುಕೊಂಡ ಊರುಗಳಿಗೆ ದಲ್ಲಾಳಿಗಳು ಬರುತ್ತಾರೆಂಬ ಆತಂಕದಲ್ಲಿ ಗಡಿಯ ಕಾವಲು ಬಿಗಿಯಾಯಿತು. ಅದಕ್ಕೂ ಮೊದಲು, ಅದರ ನಂತರವೂ, ನೇಪಾಳ ಸರ್ಕಾರ ಕಾಪಾಡುವ ಹೆಸರಿನಲ್ಲಿ ಹೆಂಗಸರು ಮನೆಗೆಲಸಕ್ಕೆ ಕೊಲ್ಲಿ ದೇಶಗಳಿಗೆ ಹೋಗುವುದನ್ನೇ ಹಲವು ಸಲ ನಿಷೇಧಿಸಿದೆ. ಹೋಗಲೇಬೇಕಾದವರು ಆಗ ಭಾರತದ ಮೂಲಕ, ಕಳ್ಳದಾರಿಯಲ್ಲಿ, ಮತ್ತೆ ದಲ್ಲಾಳಿಯ ಕೈ ಹಿಡಿದೇ ಹೋಗುತ್ತಾರೆ. ಮಗಳನ್ನು ಮನೆಯೊಳಗಿಟ್ಟು ಚಿಲಕ ಹಾಕುವುದು ತವರಿನ ಹಳೆಯ ಉಪಾಯ.

ಶಕ್ತಿ ಸಮೂಹದವರು ಕೇಳಿದ್ದು ಚಿಲಕವನ್ನಲ್ಲ. ಹೆಸರಿನಲ್ಲಿ ಒಂದು ಪೌರತ್ವದ ಪತ್ರ, ಕೈಗೊಂದು ಕೆಲಸ, ಕೋರ್ಟಿನಲ್ಲಿ ತನ್ನ ಪರ ನಿಲ್ಲುವ ವಕೀಲ, ತನ್ನ ಬಗ್ಗೆ ಮಾತಾಡುವ ಸಭೆಯಲ್ಲಿ ಒಂದು ಕುರ್ಚಿ. 1996ರ ಫೆಬ್ರವರಿಯ ದಾಳಿಯಲ್ಲಿ ಹೊರಬಂದವರಿಗೆ ಇವು ಸಿಗಲು ಹತ್ತಾರು ವರ್ಷ ಹಿಡಿಯಿತು. ಇನ್ನೊಮ್ಮೆ ‘ಇಷ್ಟು ಮಂದಿಯನ್ನು ರಕ್ಷಿಸಲಾಗಿದೆ’ ಎಂಬ ಸುದ್ದಿ ಓದುವಾಗ ಆ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಬಹುದು.